ಬಂದೂಕಿನ ಆಟದಲ್ಲಿ ಕಥೆ ಯಾಕೆ ಕಟ್ಟಿಸ್ತೀರಾ, ಮೇಡಂ?

ನಾನು ಮಕ್ಕಳಿಗೆ ಕಂಪ್ಯೂಟರ್ ಆಟ ಮಾಡುವುದನ್ನು ಕಲಿಸುತ್ತೇನೆ. ಹಾಸನದಲ್ಲಿ ಎಲ್ಲಿ ಹೋದರೂ ನನಗೆ ಈ ಪ್ರಶ್ನೆ ಎದುರಾಗುತ್ತದೆ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಸಂತೆಪೇಟೆಯಲ್ಲಿ ತರಕಾರಿ ಆರಿಸುವಾಗಲೂ. "ಕಥೆ ಇರೋ ಆಟ ಮಾಡಿಸಬೇಕು ಅಂದ್ರೆ ಯೂನಿಟಿ ಇದೆ, ಗೊಡಾಟ್ ಇದೆ. ನೀವು ಯಾಕೆ ಗುಂಡು ಹೊಡೆಯೋ ಆಟದ ಎಂಜಿನ್ ಕೊಟ್ಟು ಅಡ್ವೆಂಚರ್ ಗೇಮ್ ಮಾಡಿಸ್ತೀರಾ?" (ಎಂಜಿನ್ ಅಂದರೆ ಆಟ ಕಟ್ಟಲು, ಓಡಿಸಲು ಬೇಕಾದ ಮೂಲ ಸಾಫ್ಟ್‌ವೇರ್. ಯೂನಿಟಿ, ಗೊಡಾಟ್ ಅಂಥವೇ.) ಕೆಲವು ತಂದೆ ತಾಯಿ ಇನ್ನೂ ನೇರವಾಗಿ ಕೇಳುತ್ತಾರೆ. "ಬಂದೂಕು ಯಾಕೆ ಮೇಡಂ?"

ನನ್ನ ಉತ್ತರ ಚಿಕ್ಕದು. ಆ ಬಂದೂಕನ್ನು ತೆಗೆಯುವುದೇ ಮೊದಲ ಪಾಠ.

ನಾವು ಬಳಸುವುದು ಕ್ವೇಕ್ ಎಂಬ ಗುಂಡಿನ ಆಟದ ಎಂಜಿನ್. ಆಟ ಬಂದದ್ದು 1996ರಲ್ಲಿ. ಮಾಡಿದವರು ಇಡ್ ಸಾಫ್ಟ್‌ವೇರ್. 1999ರಲ್ಲಿ ಅವರೇ ಎಂಜಿನ್ನಿನ ಕೋಡನ್ನು ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಜಿಪಿಎಲ್ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹಳೇ ಲ್ಯಾಬಿನ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಮ್ಯಾಪ್, ಅಂದರೆ ಆಟದೊಳಗಿನ ಜಾಗ, ಕಟ್ಟಲು ಟ್ರೆಂಚ್‌ಬ್ರೂಮ್ ಎಂಬ ಎಡಿಟರ್ ಇದೆ, ಅದೂ ಉಚಿತ. ನಡೆಯುವುದು, ತಿರುಗಿ ನೋಡುವುದು, ಗೋಡೆ ತಾಗಿದರೆ ನಿಲ್ಲುವುದು, ಮೆಟ್ಟಿಲು ಹತ್ತುವುದು, ನೀರಿಗೆ ಬಿದ್ದರೆ ಈಜುವುದು, ಬೀಗದಕೈ ಇದ್ದರೆ ಮಾತ್ರ ಬಾಗಿಲು ತೆರೆಯುವುದು, ಎಲ್ಲ ಅದರಲ್ಲಿ ಮೊದಲೇ ಇದೆ. ಬರಿದಾದ ಎಂಜಿನ್ ಕೊಟ್ಟರೆ ಮಕ್ಕಳ ಮೊದಲ ದಿನಗಳೆಲ್ಲ ಗೊಂಬೆಯನ್ನು ನಡೆಸುವುದರಲ್ಲೇ ಕಳೆದುಹೋಗುತ್ತವೆ. ಇಲ್ಲಿ ಮೊದಲ ಸಂಜೆಯೇ ಒಂದು ಕೋಣೆ ಕಟ್ಟಿ ಅದರೊಳಗೆ ನಡೆದಾಡಬಹುದು. ಯೂನಿಟಿ, ಗೊಡಾಟ್ ಬೇಡ ಅಂತ ನಾನು ಹೇಳುವುದಿಲ್ಲ. ಕೆಲಸ ಹುಡುಕುವವರು ಕಲಿಯಲೇಬೇಕು. ಆಮೇಲೆ ಕಲಿಯಲಿ.

ಇದು ನಾನು ಕಂಡುಹಿಡಿದ ದಾರಿಯೂ ಅಲ್ಲ. 2008ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಡ್ಯಾನ್ ಪಿಂಚ್‌ಬೆಕ್ ಎಂಬವರು ಸಂಶೋಧನೆಗಾಗಿ 'ಡಿಯರ್ ಎಸ್ತರ್' ಮಾಡಿದರು. ಹಾಫ್-ಲೈಫ್ 2 ಎಂಬ ಗುಂಡಿನ ಆಟವನ್ನೇ ಬದಲಿಸಿ ಮಾಡಿದ್ದು. ಅದರಲ್ಲಿ ಹೊಡೆಯುವುದಿಲ್ಲ, ಓಡುವುದಿಲ್ಲ. ಒಂದು ದ್ವೀಪದಲ್ಲಿ ನಡೆಯುತ್ತಾ ಒಂದು ದನಿ ಹೇಳುವುದನ್ನು ಕೇಳುತ್ತೀರಿ, ಅಷ್ಟೇ. 2012ರಲ್ಲಿ ಅದು ಸ್ವತಂತ್ರ ಆಟವಾಗಿಯೇ ಮಾರಾಟಕ್ಕೆ ಬಂತು. 2011ರಲ್ಲಿ ಡೇವಿ ರೆಡನ್ ಅದೇ ಹಾಫ್-ಲೈಫ್ 2 ಹಿಡಿದು 'ದಿ ಸ್ಟ್ಯಾನ್ಲಿ ಪ್ಯಾರಬಲ್' ಮಾಡಿದರು. ಅಲ್ಲೂ ಬಂದೂಕಿಲ್ಲ.

ಈಗ ಮೊದಲ ಪಾಠಕ್ಕೆ ಬರುತ್ತೇನೆ. ನನಗೆ ತುಂಬ ಇಷ್ಟವಾದ ಭಾಗ ಇದೇ.

ಕ್ವೇಕಿನ ಆಟದ ನಿಯಮಗಳು ಕ್ವೇಕ್-ಸಿ ಎಂಬ ಸಣ್ಣ ಭಾಷೆಯಲ್ಲಿವೆ. ಆಟಗಾರ ಹುಟ್ಟುವಾಗ ಕೈಗೆ ಏನು ಕೊಡಬೇಕು ಅಂತ ಅಲ್ಲಿ ಬರೆದಿದೆ. ಒಂದು ಕೊಡಲಿ, ಒಂದು ಶಾಟ್‌ಗನ್, 25 ಗುಂಡು. ಮಕ್ಕಳು ಅದನ್ನು ಅಳಿಸುತ್ತಾರೆ. ಆಟ ಶುರು ಮಾಡುತ್ತಾರೆ. ಕೈ ಖಾಲಿ. ಸುಮ್ನೆ ಹೊಡೆಯುವ ಬಟನ್ ಒತ್ತಿ ನೋಡುತ್ತಾರೆ. ಕೊಡಲಿ ಮತ್ತೆ ಬಂದು ಕೂರುತ್ತದೆ! ಯಾಕೆಂದರೆ 'ಬೇರೆ ಏನೂ ಇಲ್ಲದಿದ್ದರೆ ಕೊಡಲಿ ಕೊಡು' ಅಂತ ಇನ್ನೊಂದು ಕಡೆ ಬರೆದಿದೆ. ಅದನ್ನೂ ಹುಡುಕಿ ತೆಗೆಯಬೇಕು. ಹಾಗೆ ಹುಡುಕುವಾಗ ಇಡೀ ಕೋಡ್ ಓದಿರುತ್ತಾರೆ. ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಅಷ್ಟು ಓದಿಸಲು ಆಗುತ್ತಿರಲಿಲ್ಲ.

ಆಮೇಲೆ ಲ್ಯಾಬಿನಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಪ್ರತಿ ವರ್ಷವೂ. "ಮೇಡಂ, ಈಗ ಆಡೋರು ಏನ್ ಮಾಡಬೇಕು?"

ಈ ಪ್ರಶ್ನೆ ಅವರ ಬಾಯಿಂದಲೇ ಬರಲಿ ಅಂತ ನಾನು ಕಾಯುತ್ತೇನೆ. ಕಳೆದ ಸಲ ಒಬ್ಬ ಹುಡುಗ ಕೊಡಲಿ ಬೀಸುವ ಕೋಡನ್ನು ಅಳಿಸದೆ ಇಟ್ಟುಕೊಂಡ. ಕೊಡಲಿ ಎದುರಿಗೆ 64 ಯೂನಿಟ್ ದೂರದವರೆಗೆ ಏನು ತಾಗುತ್ತದೆ ಅಂತ ನೋಡುತ್ತದೆ. ಆಟಗಾರನ ಎತ್ತರವೇ 56 ಯೂನಿಟ್, ಅಂದರೆ ಒಂದು ಆಳಿಗಿಂತ ಸ್ವಲ್ಪ ಜಾಸ್ತಿ ದೂರ. ಅವನು ಪೆಟ್ಟು ಕೊಡುವ ಸಾಲು ತೆಗೆದ, ತಾಗಿದ ವಸ್ತು ಮಾತಾಡುವ ಸಾಲು ಹಾಕಿದ. ಕೊಡಲಿ ಕೈಯಾಯಿತು. ಕಂಬ ಮುಟ್ಟಿದರೆ ಕಂಬದ ಕಥೆ, ಬಾವಿ ಮುಟ್ಟಿದರೆ ಬಾವಿಯದು. ಆ ದಿನ ನನಗಾದ ಖುಷಿ ದೊಡ್ಡದು.

ಆ ತಂಡ ಕಟ್ಟಿದ್ದು ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಕ್ವೇಕಿನಲ್ಲಿ ಗೋಡೆ ಕಟ್ಟುವ ತುಂಡಿಗೆ ಬ್ರಶ್ ಅನ್ನುತ್ತಾರೆ. ಒಂದು ಬ್ರಶ್ ಎಲ್ಲೂ ಒಳಕ್ಕೆ ಬಾಗುವಂತಿಲ್ಲ. ಹಾಗಾಗಿ ನಕ್ಷತ್ರವನ್ನು ಒಂದೇ ಏಟಿಗೆ ಎಳೆಯಲು ಬರುವುದಿಲ್ಲ. ಒಂದೊಂದು ಮೂಲೆಗೆ ಎರಡು ಗೋಡೆ, ಒಟ್ಟು ಹದಿನಾರು, ಬೇರೆ ಬೇರೆ ಕಟ್ಟಿ ಕೂಡಿಸಬೇಕು. ಹಾಗೆ ಕೂಡಿಸುವಾಗ ಮಕ್ಕಳಿಗೆ ಆ ಆಕಾರ ಯಾಕೆ ಅಂತ ತಾನಾಗಿಯೇ ಹೊಳೆಯಿತು. ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಗೋಡೆ ಹತ್ತುವವರಿಗೆ ಗುಂಡು ಹೊಡೆಯಬಹುದು. ಕೋಟೆಯನ್ನು ಕಟ್ಟಿದ್ದೇ ಗುಂಡಿಗಾಗಿ. ಆದರೆ ಒಳಗಿನಿಂದ ನೋಡಿದರೆ ಒಂದೊಂದು ಮೂಲೆಯೂ ಅಡಗಿಕೊಳ್ಳಲು ಜಾಗ. ಎಂಟು ಮೂಲೆಯಲ್ಲಿ ಕಥೆಯ ಎಂಟು ತುಂಡು ಇಟ್ಟರು. ಎಲ್ಲ ಸಿಕ್ಕಿದ ಮೇಲೆ ಮಧ್ಯದ ಕೊಳದ ಬಾಗಿಲು ತೆರೆಯುತ್ತದೆ. ಎಷ್ಟು ಸಿಕ್ಕಿತು ಅಂತ ಎಣಿಸಿ ಬಾಗಿಲಿಗೆ ತಿಳಿಸುವ ವ್ಯವಸ್ಥೆ ಕೂಡ ಎಂಜಿನ್ನಿನಲ್ಲಿ ಮೊದಲೇ ಇದೆ.

ಪ್ರದರ್ಶನದ ಹಿಂದಿನ ರಾತ್ರಿ ಮ್ಯಾಪ್ ಸರಿಯಾಗಿ ಕಂಪೈಲ್ ಆಗಲಿಲ್ಲ, ಅಂದರೆ ಸರಿಯಾಗಿ ಆಡುವ ರೂಪಕ್ಕೆ ಬರಲಿಲ್ಲ. ಲೀಕ್. ಕ್ವೇಕಿನ ಜಗತ್ತು ಡಬ್ಬಿಯ ಹಾಗೆ ಪೂರ್ತಿ ಮುಚ್ಚಿರಬೇಕು. ಬಯಲಿನ ಕೋಟೆಗೂ ಆಕಾಶವನ್ನು ಮುಚ್ಚಳದಂತೆ ಹಾಕಬೇಕು. ಎಲ್ಲೋ ಒಂದು ಸಂದಿ ಉಳಿದಿತ್ತು. ಒಳಗಿನಿಂದ ಹೊರಗೆ ಸೋರುವ ದಾರಿಯನ್ನು ಎಡಿಟರ್ ಒಂದು ಗೆರೆಯಾಗಿ ತೋರಿಸುತ್ತದೆ. ಅದನ್ನು ಹಿಡಿದು ಹೋದರೆ ಮೆಟ್ಟಿಲ ಕೆಳಗೆ ಕೂದಲೆಳೆಯಷ್ಟು ಬಿರುಕು. ಮುಚ್ಚುವಾಗ ರಾತ್ರಿ ಹನ್ನೊಂದೂವರೆ.

ಕನ್ನಡದ ವಿಷಯ ಹೇಳದೆ ಬಿಡಲಾರೆ. ಕ್ವೇಕಿನ ಅಕ್ಷರಗಳು ಒಂದು ಚಿತ್ರದಲ್ಲಿರುವ 256 ಚೌಕಗಳು. ಒತ್ತಕ್ಷರ, ಗುಣಿತ ಅದಕ್ಕೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದುಬಿಡೋಣ ಅಂದರು ಮಕ್ಕಳು. ನಾನು ಒಪ್ಪಲಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕಿದ್ದು ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. ಅಲ್ಲಿ ಕಲ್ಲಿನ ಮೇಲೆ ಬರೆದರು, ನೀವೂ ಕಲ್ಲಿನ ಮೇಲೆ ಬರೆಯಿರಿ ಅಂದೆ. ಸಾಲುಗಳನ್ನು ಚಿತ್ರವಾಗಿ ಮಾಡಿ, ಗೋಡೆಗೆ ಹೊದಿಸುವ ಕಲ್ಲಿನ ಚಿತ್ರದ (ಟೆಕ್ಸ್ಚರ್) ಮೇಲೆ ಕೂರಿಸಿದರು. ಉಳಿದ ಮಾತನ್ನೆಲ್ಲ ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿದರು, ಮನೆಯಲ್ಲಿ ಆಡುವ ಭಾಷೆಯಲ್ಲೇ. ಎಂಜಿನ್ನಿನ ಕೋಡ್ ಉಚಿತವಾದರೂ ಆಟದ ಚಿತ್ರ, ಸದ್ದು ಉಚಿತವಲ್ಲ, ಆದ್ದರಿಂದ ಅದೆಲ್ಲ ನಮ್ಮದೇ ಆಗಬೇಕಿತ್ತು. ಕ್ವೇಕಿನ ಬಣ್ಣದ ಪಟ್ಟಿಯಲ್ಲಿ ಕಂದು ಜಾಸ್ತಿ, ಹಸಿರು ಕಡಿಮೆ. ಮಲೆನಾಡಿನ ಪಾಚಿಗೆ ಅದು ಸಾಲದು. ಆ ಪಟ್ಟಿಯನ್ನೂ ಬದಲಿಸಿದರು.

ತಂದೆ ತಾಯಿಯರ ಭಯ ನನಗೆ ಅರ್ಥವಾಗುತ್ತದೆ. ಅವರನ್ನು ಲ್ಯಾಬಿಗೆ ಕರೆದು ಆಡಿಸುತ್ತೇನೆ. ಬೇರೆ ವಾದ ಮಾಡುವುದಿಲ್ಲ.

ಈ ವರ್ಷದ ತಂಡ ಶೆಟ್ಟಿಹಳ್ಳಿಯ ಇಗರ್ಜಿ ಹಿಡಿದಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಬರುತ್ತದೆ. ಬೇಸಿಗೆಗೊಂದು, ಮಳೆಗೊಂದು ಅಂತ ಎರಡು ಮ್ಯಾಪ್ ಮಾಡಿದ್ದಾರೆ. ಬಾಗಿಲು ದಾಟಿದರೆ ಅದೇ ಗೋಡೆಗಳು, ಕತ್ತಿನವರೆಗೆ ನೀರು.

ತಂಡದ ಒಬ್ಬ ಹುಡುಗಿಯ ಅಜ್ಜಿಯ ತವರೂರು ಆ ಅಣೆಕಟ್ಟಿನ ನೀರಿನಲ್ಲಿ ಹೋಗಿದೆ. ಅವಳು ಇಗರ್ಜಿಯ ಹತ್ತಿರವೇ ಆ ಮನೆಯನ್ನೂ ಕಟ್ಟಿದಳು. ಜಗಲಿ, ನಡುಮನೆ, ಕೊಟ್ಟಿಗೆ. ಲ್ಯಾಪ್‌ಟಾಪ್ ಮನೆಗೆ ಒಯ್ದು ತೋರಿಸಿದಾಗ ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಅಂಗಲ್ಲ ಕಣವ್ವ, ಬಚ್ಚಲು ಈ ಕಡೀಕಿತ್ತು" ಅಂದರಂತೆ. ಮಾರನೇ ದಿನ ಅವಳು ಬಚ್ಚಲನ್ನು ಅಜ್ಜಿ ಹೇಳಿದ ಕಡೆಗೆ ಹಾಕಿದಳು. ಮಳೆಗಾಲದ ಮ್ಯಾಪಿನಲ್ಲಿ ಇನ್ನೊಂದು ತೊಡಕಿತ್ತು. ಕ್ವೇಕಿನಲ್ಲಿ ನೀರೊಳಗೆ 12 ಸೆಕೆಂಡ್ ಮಾತ್ರ ಉಸಿರು, ಆಮೇಲೆ ಮುಳುಗಿ ಸಾಯುವುದು ಶುರು. ಅಷ್ಟರಲ್ಲಿ ಮನೆಯನ್ನೆಲ್ಲ ನಿಧಾನವಾಗಿ ನೋಡಲು ಆಗುವುದಿಲ್ಲ. ಹೋದ ವಾರ ಅವಳು ಆ ಸಾಲನ್ನು ಅಳಿಸಿದಳು. ಈಗ ಅಜ್ಜಿ ನೀರೊಳಗಿನ ಮನೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಓಡಾಡಬಹುದು.