ಸಾಂಬ್ರಾದಿಂದ ಅಗತ್ತಿಗೆ, ಕಾಕಾನ ಜೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಬಾಗಲಕೋಟೆಯ ನವನಗರದಲ್ಲಿ ಹೊರಗೆ ಕಾಲಿಡುವ ಮಾತೇ ಇಲ್ಲ. ಕೂಲರ್‌ಗೆ ನೀರು ತುಂಬಿ, ಕಿಟಕಿಗೆ ಹಸಿ ಚಾದರ ಕಟ್ಟಿ, ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ವಿಮಾನ ಹಾರಿಸುವ ಆಟ ತೆರೆದೆ. ಪಕ್ಕದ ಕುರ್ಚಿಯಲ್ಲಿ ಕಾಕಾ. ಮೂವತ್ತು ವರ್ಷ ಸರಕಾರಿ ಬಸ್ ಓಡಿಸಿದವರು. ಇನ್ನೊಬ್ಬರು ಗಾಡಿ ನಡೆಸುವಾಗ ಸುಮ್ಮನೆ ಕೂರುವುದು ಅವರ ಜಾಯಮಾನದಲ್ಲೇ ಇಲ್ಲ.

"ಎಲ್ಲಿಗೆ ಹೊಂಟಿ?"

"ಲಕ್ಷದ್ವೀಪಕ್ಕ, ಕಾಕಾ. ಅಗತ್ತಿಗೆ."

"ಎಷ್ಟ ತಾಸಿನ ದಾರಿ?"

"ಮೂರು."

"ಹಂಗಾರ ಚಾ ಕುಡದ ಹೊಂಡೂಣು."

ನಮ್ಮೂರಲ್ಲಿ ವಿಮಾನ ನಿಲ್ದಾಣ ಇಲ್ಲ, ಆದ್ದರಿಂದ ಬೆಳಗಾವಿಯ ಸಾಂಬ್ರಾದಿಂದ ಹೊರಟೆವು. 1942ರಲ್ಲಿ, ಯುದ್ಧದ ಕಾಲಕ್ಕೆ, ಬ್ರಿಟಿಷರ ವಾಯುಪಡೆ ಮಾಡಿಕೊಂಡ ನಿಲ್ದಾಣ ಅದು. ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ, ಅದೂ ಬೇಸಿಗೆಯಲ್ಲಿ, ಗಾಳಿ ತೆಳ್ಳಗಿರುತ್ತದೆ. ನಮ್ಮ ಪುಟ್ಟ ವಿಮಾನ, ಸೆಸ್ನಾ 172, ನೆಲ ಬಿಡಲು ಸ್ವಲ್ಪ ಗೊಣಗಿತು. ಎಡಕ್ಕೆ ಹೊರಳಿದೆವು, ಖಾನಾಪುರ ಕೆಳಗೆ ಸರಿಯಿತು, ಆಮೇಲೆ ಘಟ್ಟದ ಕಾಡು. ನಕ್ಷೆಯ ಮೇಲೆ ಸಾಂಬ್ರಾದಿಂದ ಅಗತ್ತಿಗೆ ಗೆರೆ ಎಳೆದು ನೋಡಿ: ಅದು ಖಾನಾಪುರವನ್ನು ಮುಟ್ಟಿ, ಕಾರವಾರದ ಹತ್ತಿರ ಸಮುದ್ರಕ್ಕೆ ಇಳಿಯುತ್ತದೆ. ಕಾಳಿ ನದಿಯ ಮುಖ, ಅದರಾಚೆ ಅಂಜದೀವ್ ದ್ವೀಪ. ಕಾಕಾ ಆ ಘಟ್ಟದಲ್ಲಿ ಎಷ್ಟೋ ರಾತ್ರಿ ಬಸ್ ಇಳಿಸಿದ್ದರು. ತಾಸುಗಟ್ಟಲೆ ಹಿಡಿಯುತ್ತಿದ್ದ ದಾರಿ ಒಂದು ಲೋಟ ಚಹಾ ಮುಗಿಯುವುದರೊಳಗೆ ಹಿಂದೆ ಹೋದದ್ದು ಅವರಿಗೆ ಅಷ್ಟೇನೂ ಹಿಡಿಸಲಿಲ್ಲ.

ಆಮೇಲೆ ಎರಡು ತಾಸಿಗೂ ಮೇಲೆ ಬರೀ ನೀಲಿ. ಇದನ್ನು ವರ್ಣಿಸಲು ಹೋಗುವುದಿಲ್ಲ. ಕಾಕಾ ನಿದ್ದೆ ಹೋದರು.

ಅಗತ್ತಿ ಮೊದಲು ಕಾಣುವುದು ಬಣ್ಣವಾಗಿ. ಕಡುನೀಲಿಯ ನಡುವೆ ತಿಳಿಹಸಿರಿನ ಒಂದು ಕಲೆ. ಹತ್ತಿರವಾದಂತೆ ಕಲೆಯ ಅಂಚಿಗೆ ಬಿಳಿ ನೊರೆಯ ಗೆರೆ ಮೂಡುತ್ತದೆ, ಅದು ಹವಳದ ದಿಬ್ಬ. ದ್ವೀಪ ಮಾತ್ರ ಹುಣಸೆಕಾಯಿಯಷ್ಟು ಸಣಕಲು. ಅದರ ದಕ್ಷಿಣದ ತುದಿಗೆ ರನ್‌ವೇ, ಉದ್ದ ಸುಮಾರು 1,200 ಮೀಟರ್. ಎರಡೂ ಪಕ್ಕ ನೀರು, ಮುಗಿದ ಕಡೆಯೂ ನೀರು. ಕೊಚ್ಚಿಯಿಂದ ಬರುವ ಎಟಿಆರ್ ವಿಮಾನ ಇಳಿಯುವುದು ಇಲ್ಲೇ. ನಿಜವಾಗಿ ಹೋಗಬೇಕೆಂದರೆ ಲಕ್ಷದ್ವೀಪಕ್ಕೆ ಪರವಾನಗಿ ಬೇಕು, ನಮ್ಮನ್ನು ಯಾರೂ ಕೇಳಲಿಲ್ಲ. ನಾವು ಈಶಾನ್ಯದಿಂದ ಬಂದದ್ದು ಅನುಕೂಲವಾಯಿತು, ತುಸು ಬಲಕ್ಕೆ ತಿರುಗಿದರೆ ರನ್‌ವೇ ಮೂಗಿನ ನೇರಕ್ಕೇ ಬಂತು. ಎರಡು ಸಲ ಪುಟಿದು ನಿಂತೆವು. ಕಾಕಾಗೆ ಎಚ್ಚರವಾಯಿತು. "ಸ್ಪೀಡ್ ಬ್ರೇಕರ್ ಇತ್ತೇನೋ?"

ನಿಂತಲ್ಲಿಂದ ಮುಂದಿನ ಊರಿಗೆ ಹಾರಿಯೇ ಹೋಗಬೇಕೆಂದಿಲ್ಲ, ಭೂಪಟದ ಮೇಲೆ ಒತ್ತಿದರೆ ಸಾಕು. ಇದನ್ನು ಮೋಸ ಅನ್ನುವವರಿದ್ದಾರೆ. ಅವರು ಆ ಎರಡು ತಾಸಿನ ನೀಲಿ ನೋಡಿಲ್ಲ.

ಕೆರಿಬಿಯನ್ ಸಮುದ್ರದ ಸಾಬಾ ಒಂದೇ ಒಂದು ಬೆಟ್ಟ, ಸುತ್ತ ಕಡಿದಾದ ಬಂಡೆ. ರನ್‌ವೇ 400 ಮೀಟರ್. ಓಟದ ಮೈದಾನದ ಒಂದು ಸುತ್ತನ್ನು ಬಿಡಿಸಿ ನೆಟ್ಟಗೆ ಹಾಸಿದರೆ ಎಷ್ಟೋ ಅಷ್ಟೇ. ಎರಡೂ ತುದಿಗೆ ಪ್ರಪಾತ. ಬರುವವರು ಹೆದರಲಿ ಎಂದೋ ಏನೋ, ಎರಡೂ ಕಡೆ ದೊಡ್ಡ ಎಕ್ಸ್ ಗುರುತು ಬರೆದಿದ್ದಾರೆ. ಊರವರು ಕೈಯಿಂದ ಕಲ್ಲು ಆರಿಸಿ, ತಳ್ಳುಗಾಡಿಯಲ್ಲಿ ಸಾಗಿಸಿ ಹಸನು ಮಾಡಿದ ಜಾಗದಲ್ಲಿ 1959ರಲ್ಲಿ ಮೊದಲ ವಿಮಾನ ಇಳಿಯಿತು. ಅಲ್ಲಿ ಓಡಾಡುವುದು ಟ್ವಿನ್ ಒಟರ್ ವಿಮಾನ, ನಾನು ಹಟಕ್ಕೆ ಬಿದ್ದು ಸೆಸ್ನಾದಲ್ಲೇ ಹೋದೆ. ಮೊದಲ ಸಲ ರನ್‌ವೇ ಮುಗಿದರೂ ವಿಮಾನ ನಿಲ್ಲಲಿಲ್ಲ. ಸಮುದ್ರ. ಎರಡನೇ ಸಲವೂ ಅದೇ.

"ಬ್ರೇಕ್ ಯಾವಾಗ ಹಾಕ್ತಿ?"

"ಇಳದ ಮ್ಯಾಲ, ಕಾಕಾ."

"ಅದಕ್ಕ ಬೀಳಾಕತ್ತಿ. ತಿರುವಿನ್ಯಾಗ ಬ್ರೇಕ್ ಹಾಕಾಂವ ಡ್ರೈವರ್ ಅಲ್ಲ. ತಿರುವು ಬರೂಕಿಂತ ಮೊದಲ ಗಾಡಿ ಕೈಯಾಗಿರಬೇಕು."

ಮೂರನೇ ಸಲ ದೂರದಿಂದಲೇ ವೇಗ ಇಳಿಸಿ 60 ನಾಟ್‌ಗೆ, ಅಂದರೆ ತಾಸಿಗೆ ಸುಮಾರು 110 ಕಿಲೋಮೀಟರಿಗೆ ತಂದೆ. ರನ್‌ವೇ ಅರ್ಧ ಉಳಿದಿರುವಾಗಲೇ ನಿಂತಿತು. ಕಾಕಾ ಮೀಸೆಯ ಮೇಲೆ ಕೈಯಾಡಿಸಿದರು, ತಾವೇ ಇಳಿಸಿದವರ ಹಾಗೆ.

ಪೆಸಿಫಿಕ್‌ನ ಟುವಾಲು ದೇಶದ ಫುನಾಫುಟಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1943ರಲ್ಲಿ ಅಮೆರಿಕದವರು ಯುದ್ಧಕ್ಕಾಗಿ ಮಾಡಿದ ರನ್‌ವೇ, ಈಗ ಸಂಜೆಯಾದರೆ ಊರಿನ ಆಟದ ಬಯಲು. ವಾಲಿಬಾಲ್, ಫುಟ್‌ಬಾಲ್ ಎಲ್ಲ ಅಲ್ಲೇ, ವಿಮಾನ ಬರುವಾಗ ಸೈರನ್ ಕೂಗುತ್ತದೆ. ಇದನ್ನೆಲ್ಲ ಹೇಳಿ ಕಾಕಾಗೆ ಆಸೆ ಹುಟ್ಟಿಸಿದ್ದೆ. ಪರದೆಯ ಮೇಲೆ ಡಾಂಬರು ಇತ್ತು, ತೆಂಗು ಇತ್ತು, ಒಂದು ನರಪಿಳ್ಳೆ ಇರಲಿಲ್ಲ. "ಮಂದಿ ಎಲ್ಲಿ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಸ್ಕಾಟ್ಲೆಂಡಿನ ಬ್ಯಾರಾ. ಅಲ್ಲಿ ವಿಮಾನ ಸಮುದ್ರದಂಡೆಯ ಮರಳಿನ ಮೇಲೇ ಇಳಿಯುತ್ತದೆ. ಮೂರು ರನ್‌ವೇ ತ್ರಿಕೋನದ ಹಾಗೆ, ತುದಿ ಗೊತ್ತಾಗಲು ಕಂಬ ನೆಟ್ಟಿದ್ದಾರೆ. ಸಮುದ್ರ ಉಬ್ಬರಿಸಿದರೆ ಮೂರೂ ನೀರೊಳಗೆ. ವಿಮಾನದ ವೇಳಾಪಟ್ಟಿಯೇ ಸಮುದ್ರದ ಏರಿಳಿತ ನೋಡಿ ತಯಾರಾಗುತ್ತದೆ.

ಕಾಕಾ ಈಗ ನೆಟ್ಟಗೆ ಕೂತರು. "ಅಂದ್ರ, ದಿನಾ ಮುಳುಗಡಿ?"

"ದಿನಕ್ಕ ಎರಡ ಸಲ."

"ಪರಿಹಾರ ಎಷ್ಟ ಕೊಟ್ಟಾರಂತ?"

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ಬಂದವರ ಪ್ರಶ್ನೆ ಅದು. ನಗಬೇಕೋ ಬೇಡವೋ ತಿಳಿಯದೆ ವಿಮಾನ ಇಳಿಸಿದೆ. ಮರಳು ಮೆತ್ತಗೇನೂ ಅನಿಸಲಿಲ್ಲ, ಸಾಂಬ್ರಾದ ಡಾಂಬರಿನಷ್ಟೇ ಗಟ್ಟಿ. ಹದಿನೈದು ನಿಮಿಷ ಕಾದೆವು, ನೀರು ಇದ್ದಲ್ಲೇ ಇತ್ತು.

"ನಮ್ಮೂರಿಗೆ ನಡಿ," ಎಂದರು ಕಾಕಾ.

ಭೂಪಟದಲ್ಲಿ ಬಾಗಲಕೋಟೆಯನ್ನು ಒತ್ತಿದೆ. ಕೆಳಗೆ ಘಟಪ್ರಭೆಯ ಹಿನ್ನೀರು ಅಗಲಕ್ಕೆ ಹಾಸಿಕೊಂಡಿತ್ತು. ಉಪಗ್ರಹದ ಚಿತ್ರ ತುಂಬಿದ ತಿಂಗಳದ್ದಿರಬೇಕು. ಎರಡು ಸುತ್ತು ಹಾಕಿಸಿ, ಕಾಕಾ ಪರದೆಯ ಮೇಲೆ ಬೆರಳಿಟ್ಟರು.

"ಇಲ್ಲೆ ಇಳಸು."

"ಕಾಕಾ, ಅದು ನೀರ್ರೀ."

"ಈಗ ಎಲ್ಲೀ ನೀರು? ನಿನ್ನೆ ನಾನ ನೋಡಿ ಬಂದೀನಿ, ಎಮ್ಮಿ ಮೇಯಾಕತ್ತಿದ್ವು. ಇಳಸು."