ನಾಯ್ಸ್ ಕಾರ್ಯಕ್ರಮಕ್ಕೆ ಸೌಂಡ್ ಮಾಡುವವರಿಗೆ

ಬ್ಯಾಂಡ್‌ಗಳಿಗೆ ವರ್ಷಗಟ್ಟಲೆ ಬಾಳಿದ ಟ್ವೀಟರ್ (ತಾರ ಸದ್ದಿನ ಸ್ಪೀಕರ್) ನಾಯ್ಸ್ ಸಂಗೀತದ, ಅಂದರೆ ಗದ್ದಲವನ್ನೇ ಸಂಗೀತವಾಗಿ ನುಡಿಸುವ ಕಾರ್ಯಕ್ರಮದ, ಒಂದೇ ಸಂಜೆಗೆ ಸುಟ್ಟುಹೋಗಬಹುದು, ಅದೂ ಪೀಕ್ ಲೈಟ್ (ಸಿಗ್ನಲ್ ಮಿತಿಮೀರಿದಾಗ ಹೊತ್ತುವ ದೀಪ) ಹೊತ್ತದೆಯೇ. ಕಾರಣ ಸರಾಸರಿ ಪವರ್. ಮಾಮೂಲಿ ಲೈವ್ ಸಂಗೀತದಲ್ಲಿ ಪೀಕ್‌ಗೂ ಸರಾಸರಿಗೂ 12ರಿಂದ 18 ಡೆಸಿಬಲ್ ಅಂತರವಿರುತ್ತದೆ. ವಾಯ್ಸ್ ಕಾಯಿಲ್ (ಸ್ಪೀಕರಿನೊಳಗಿನ ತಂತಿ ಸುರುಳಿ) ಆರಲು ಅಷ್ಟು ಬಿಡುವು ಸಾಕು. ಪೆಡಲ್ ಮೇಲೆ ಪೆಡಲ್ ಹಾಕಿ ಹಿಂಡಿದ ನಾಯ್ಸ್‌ನಲ್ಲಿ ಅದು 3–6 ಡೆಸಿಬಲ್‌ಗೆ ಇಳಿಯುತ್ತದೆ. ಸ್ಕ್ವೇರ್ ವೇವ್ ಬಂದರಂತೂ ಅಷ್ಟೇ ಪೀಕ್ ಇರುವ ಸೈನ್ ವೇವ್‌ಗಿಂತ ಎರಡರಷ್ಟು ಪವರ್. ಹಾಗಾಗಿ ಪೀಕ್ ಲಿಮಿಟರ್ ನಂಬಬೇಡಿ. ಪ್ರೊಸೆಸರ್‌ನಲ್ಲಿ ಹೈ ಬ್ಯಾಂಡ್‌ಗೆ ಬೇರೆಯದೇ ಆರ್‌ಎಂಎಸ್ ಲಿಮಿಟರ್ (ಸರಾಸರಿ ಪವರ್ ನೋಡಿ ತಡೆಯುವುದು) ಹಾಕಿ. ಆ ಸೌಕರ್ಯ ಇಲ್ಲದಿದ್ದರೆ ಮಾಸ್ಟರ್ ಅನ್ನು ಮಾಮೂಲಿಗಿಂತ 6 ಡೆಸಿಬಲ್ ಕೆಳಗಿಡಿ. ಸಬ್‌ಗೆ 30–35 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದು ತಡೆಯುವ ಫಿಲ್ಟರ್) ಕಡ್ಡಾಯ. ಪೋರ್ಟ್ ಇರುವ ಬಾಕ್ಸ್‌ನಲ್ಲಿ ಅದಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆ ಸಿಗದೆ, ಸದ್ದೇ ಬಾರದೆ ಹೊಡೆದಾಡುತ್ತದೆ.

ಯೂರೋರ‍್ಯಾಕ್ ಸಿಂಥ್‌ನ (ಮಾಡ್ಯೂಲ್ ಜೋಡಿಸಿ ಕಟ್ಟುವ ಸಿಂಥಸೈಸರ್) 10 ವೋಲ್ಟ್ ಪೀಕ್-ಟು-ಪೀಕ್ ಸಿಗ್ನಲ್ ಸುಮಾರು +13 ಡಿಬಿಯು, ಅಂದರೆ ಮೈಕ್ ಸಿಗ್ನಲ್ಲಿಗಿಂತ ಬಹಳ ಜೋರು. ಅದನ್ನು ಮೈಕ್ ಇನ್‌ಪುಟ್‌ಗೆ ನೇರ ಕೊಡಬೇಡಿ. ಲೈನ್ ಇನ್‌ಪುಟ್ ಬಳಸಿ, ಇಲ್ಲವೇ 20 ಡೆಸಿಬಲ್ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಇರುವ ಡಿಐ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ). ಆ ಚಾನೆಲ್ಲಿನ ಫ್ಯಾಂಟಮ್ (ಕೇಬಲ್ ಮೂಲಕ ಮೈಕಿಗೆ ಕೊಡುವ ವಿದ್ಯುತ್) ಆಫ್ ಇರಲಿ. ತಗಡು, ಸ್ಪ್ರಿಂಗಿಗೆ ಅಂಟಿಸುವ ಪೀಝೋ (ಕಂಪನ ಹಿಡಿಯುವ ಮೈಕ್) ತೆಳ್ಳಗೆ ಕೇಳಿಸಿದರೆ ಈಕ್ಯೂ ತಿರುಗಿಸಿ ಫಲವಿಲ್ಲ. 20 ನ್ಯಾನೋಫ್ಯಾರಡ್‌ನ ಪೀಝೋವನ್ನು 10 ಕಿಲೋ-ಓಮ್ ಇನ್‌ಪುಟ್‌ಗೆ ಕೊಟ್ಟರೆ 800 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಸೋರಿಹೋಗುತ್ತದೆ. 1 ಮೆಗಾ-ಓಮ್‌ನ ಆಕ್ಟಿವ್ ಡಿಐ ಕೊಟ್ಟರೆ 8 ಹರ್ಟ್ಸ್‌ವರೆಗೂ ಇಳಿಯುತ್ತದೆ.

ಇನ್ನು ಫೀಡ್‌ಬ್ಯಾಕ್. ಕಿರುಚಿದ ಕೂಡಲೇ ನಮ್ಮ ಕೈ ಫೇಡರ್‌ಗೆ ಹೋಗುತ್ತದೆ. ಜಪಾನಿನ ತೊಶಿಮಾರು ನಾಕಾಮುರ ಮಿಕ್ಸರ್‌ನ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್‌ಗೆ ಸುತ್ತಿ, ಹೊರಗಿನ ಸಿಗ್ನಲ್ ಏನೂ ಇಲ್ಲದೆ ಇಡೀ ಕಛೇರಿ ನುಡಿಸುತ್ತಾರೆ. ಆ ಕಿರುಚಾಟವನ್ನು ನಾಚ್ (ಒಂದೇ ಸ್ವರ ಕತ್ತರಿಸುವ ಫಿಲ್ಟರ್) ಹಾಕಿ ತೆಗೆದರೆ ಸಂಗೀತವನ್ನೇ ತೆಗೆದಂತೆ. ಸೌಂಡ್‌ಚೆಕ್‌ನಲ್ಲೇ ಅತಿ ಜೋರಾದ ಭಾಗವನ್ನು ನುಡಿಸಿಸಿ, ಯಾವ ಹಮ್ (ಗುಂಯ್ ಎನ್ನುವ ಸದ್ದು) ಬೇಕು, ಯಾವುದು ಬೇಡ ಎಂದು ಕೇಳಿಕೊಳ್ಳಿ. ಬೇಡದ ಹಮ್ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ನಿಂತರೆ ಗ್ರೌಂಡ್ ಲೂಪ್ (ಎರಡು ಅರ್ಥ್ ದಾರಿ ಸೇರಿ ಆಗುವ ಹಮ್). ಟ್ರಾನ್ಸ್‌ಫಾರ್ಮರ್ ಡಿಐ ಹಾಕಿ. ಅರ್ಥ್ ಪಿನ್ ಮಾತ್ರ ಎಂದೂ ಮುರಿಯಬೇಡಿ, ಪ್ರಾಣಕ್ಕೇ ಅಪಾಯ.

ಅಮೆರಿಕದ ನಿಯೋಶ್ (ಕೆಲಸಗಾರರ ಆರೋಗ್ಯ, ಸುರಕ್ಷತೆಯ ಸಂಸ್ಥೆ) ಲೆಕ್ಕದಲ್ಲಿ 100 ಡೆಸಿಬಲ್ (ಎ) ಸದ್ದಿಗೆ ದಿನಕ್ಕೆ 15 ನಿಮಿಷವಷ್ಟೇ ಕಿವಿ ಒಡ್ಡಬಹುದು. ಇಯರ್‌ಪ್ಲಗ್ ಕೇಳಿದವರಿಗೆ ಕೊಡುವುದಲ್ಲ, ಬಾಗಿಲಲ್ಲೇ ಎಲ್ಲರ ಕೈಗೂ ಕೊಡಿ. ಸೆಟ್ ಮುಗಿದ ತಕ್ಷಣ ಚಾನೆಲ್ ಮ್ಯೂಟ್ ಮಾಡಿ. ಕಲಾವಿದರು ಕೇಬಲ್ ಕೀಳುವುದು ಆಮೇಲೆ. ರಾತ್ರಿ ಮುಚ್ಚುವಾಗ ಆಂಪ್ ಮೊದಲು ಆಫ್, ಮಿಕ್ಸರ್ ಕೊನೆಗೆ.