ಮೂಡಿಗೆರೆಯಿಂದ ಆಗುಂಬೆಗೆ ಸೈಕಲ್ ತುಳಿಯೋ ಗ್ರೂಪ್‌ಗಳಿಗೆ ಒಂದಿಷ್ಟು ಮಾತು

ಮಲೆನಾಡಲ್ಲಿ ಸೈಕಲ್ ಟೂರ್ ಅಂದ ತಕ್ಷಣ ಎಲ್ರೂ ಮ್ಯಾಪ್ ತೆಗೆದು ಕಿಲೋಮೀಟರ್ ಲೆಕ್ಕ ಹಾಕ್ತಾರೆ, ದಿನಕ್ಕೆ ನೂರು ಆರಾಮಾಗಿ ಹೊಡಿಬಹುದು ಬಿಡಿ ಅಂತಾರೆ. ಬೆಂಗಳೂರಿಂದ ನಂದಿಬೆಟ್ಟ ಹತ್ತಿ ಇಳಿಯೋರಿಗೂ ಇಲ್ಲಿ ಕಾಲು ನೋವು ಬರುತ್ತೆ, ಯಾಕಂದ್ರೆ ಇಲ್ಲಿ ಒಂದು ದೊಡ್ಡ ಏರು ಆಮೇಲೆ ಒಂದು ದೊಡ್ಡ ಇಳಿಜಾರು ಅಂತ ಇರಲ್ಲ, ದಿನವಿಡೀ ಸಣ್ಣ ಸಣ್ಣ ಏರು, ಇಳಿದ ಕೂಡ್ಲೇ ಒಂದು ಹಳ್ಳದ ಸೇತುವೆ, ಅಲ್ಲಿಂದ ಮತ್ತೆ ಏರು. ಇಲ್ಲಿ 60-70 ಕಿ.ಮೀ. ಆದ್ರೆ ಆ ದಿನಕ್ಕೆ ಸಾಕು ಅಂತ ಮೊದಲೇ ಒಪ್ಕೊಂಡು ಹೊರಡಿ.

ನಮ್ಮ ರೂಟ್ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ. ಮೂಡಿಗೆರೆವರೆಗೆ ಸೈಕಲ್‌ಗಳನ್ನ ಟೆಂಪೋಗೆ ಹಾಕಿ ತಂದ್ವಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೇ ಯಾರೂ ಮುಂದೆ ಹೋಗಲ್ಲ, ಚಾರ್ಮಾಡಿ ಘಾಟ್ ಹತ್ತಿ ಬರೋ ಗಾಡಿಗಳೆಲ್ಲ ಅಲ್ಲೇ ನಿಲ್ಲೋದ್ರಿಂದ ಭಾನುವಾರ ಜಾಗ ಸಿಗಲ್ಲ ಅಷ್ಟೇ. ಅಲ್ಲಿಂದ ಕಳಸದ ಕಡೆ ತಿರುಗಿದ್ರೆ ಟ್ರಾಫಿಕ್ ಕಮ್ಮಿ, ಎರಡೂ ಕಡೆ ಕಾಫಿ ತೋಟ. ಆದ್ರೆ ನವೆಂಬರಿಂದ ಜನವರಿವರೆಗೆ ಕುಯ್ಲಿನ ಟೈಮು, ಪಿಕಪ್‌ಗಳು ಆಳುಗಳನ್ನ ಕೂರಿಸ್ಕೊಂಡು ತಿರುವಲ್ಲಿ ಹಾರ್ನ್ ಹೊಡಿತಾ ಬರ್ತಾವೆ, ಇಬ್ಬಿಬ್ರು ಜೊತೆಲಿ ಮಾತಾಡ್ಕೊಂಡು ಹೋಗೋ ಅಭ್ಯಾಸ ಇದ್ರೆ ಮನೇಲೇ ಬಿಟ್ಟು ಬನ್ನಿ. ಮೂಡಿಗೆರೆ ತಾಲೂಕಲ್ಲಿ ಆನೆ ಕಾಟ ಇದೆ, ಬೆಳಕು ಹರಿಯೋಕ್ ಮುಂಚೆ ಹೊರಡ್ಬೇಡಿ, ಕತ್ತಲಾದ್ಮೇಲಂತೂ ಬೇಡ್ವೇ ಬೇಡ. ಹೋಂಸ್ಟೇಯವರನ್ನ ಕೇಳಿ, ಯಾವ ತೋಟದಲ್ಲಿ ಆನೆ ನಿಂತಿದೆ ಅನ್ನೋ ಸುದ್ದಿ ಅವರ ವಾಟ್ಸಾಪಲ್ಲಿ ನಮಗಿಂತ ಮೊದ್ಲು ಬಂದಿರುತ್ತೆ.

ಕಳಸದಿಂದ 8 ಕಿ.ಮೀ. ಹೊರನಾಡು. ಅಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗ್ಬೇಕು, ಮೈಗಂಟಿದ ಸೈಕ್ಲಿಂಗ್ ಚಡ್ಡಿಲಿ ದೇವಸ್ಥಾನದ ಮುಂದೆ ನಿಂತ್ಕೊಳ್ಳೋದು ಚೆನ್ನಾಗಿರಲ್ಲ, ಬ್ಯಾಗಲ್ಲಿ ಒಂದು ತೆಳ್ಳಗಿನ ಪಂಚೆ ಇಟ್ಕೊಳ್ಳಿ. ಶೃಂಗೇರಿಯಲ್ಲೂ ಅದೇ ಉಪಯೋಗಕ್ಕೆ ಬರುತ್ತೆ. ಎರಡೂ ಕಡೆ ಪ್ರಸಾದದ ಊಟ ಇದೆ, ಅಷ್ಟು ತುಳಿದು ಬಂದವರಿಗೆ ಆ ಬಿಸಿ ಅನ್ನ ಸಾರಿನ ಮುಂದೆ ನಿಮ್ ಎನರ್ಜಿ ಬಾರ್ ಏನೂ ಅಲ್ಲ.

ಇಡೀ ಟೂರಲ್ಲಿ ಗಟ್ಟಿ ದಿನ ಅಂದ್ರೆ ಕಳಸದಿಂದ ಕುದುರೆಮುಖ ದಾಟಿ ಶೃಂಗೇರಿ. ಈ ರೋಡನ್ನ ಅರ್ಥ ಮಾಡ್ಕೊಳ್ಳೋಕೆ ಆಪ್ ಬೇಡ, ನದಿ ನೋಡಿದ್ರೆ ಸಾಕು. ತುಂಗಾ, ಭದ್ರಾ ಎರಡೂ ಹುಟ್ಟೋದು ಗಂಗಾಮೂಲದಲ್ಲಿ. ಕಳಸದಿಂದ ಹೊರಟ ನೀವು ಭದ್ರೆಗೆ ಎದುರಾಗಿ ಹೋಗ್ತೀರಿ, ಅಂದ್ರೆ ನಡುನಡುವೆ ಎಷ್ಟೇ ಇಳಿದ್ರೂ ಒಟ್ಟಲ್ಲಿ ಏರೇ. ಆ ಕಡೆ ದಾಟಿ ಎಸ್.ಕೆ. ಬಾರ್ಡರಲ್ಲಿ (ಹಳೇ ಸೌತ್ ಕೆನರಾ ಜಿಲ್ಲೆ ಗಡಿ) ಶೃಂಗೇರಿ ಕಡೆ ತಿರುಗಿ ಕೆರೆಕಟ್ಟೆ ಕಳೆದು ನೆಮ್ಮಾರ್ ಹತ್ರ ಬಂದ್ರೆ ತುಂಗೆ ಜೊತೆಗಿರ್ತಾಳೆ, ಆಗ ಕಾಲಿಗೆ ಸ್ವಲ್ಪ ಸಮಾಧಾನ. ಹಾಗಾಗಿ ಶಕ್ತಿಯೆಲ್ಲ ಬೆಳಗ್ಗೆನೇ ಸುರಿದ್ಬಿಡ್ಬೇಡಿ.

ಇದು ನ್ಯಾಷನಲ್ ಪಾರ್ಕ್ ಒಳಗಿನ ರೋಡು. ಗೇಟಲ್ಲಿ ಗಾಡಿಗಳಿಗೆ ಟೈಮ್ ಬರೆದ ಚೀಟಿ ಕೊಡ್ತಾರೆ, ಒಳಗೆ ಎಲ್ಲೂ ನಿಲ್ಲಿಸಬಾರ್ದು ಅಂತ, ಆದ್ರೆ ಆ ಟೈಮ್ ಕಾರಿನ ಲೆಕ್ಕದ್ದು, ಸೈಕಲ್‌ಗೆ ಆಗಲ್ಲ. ಹಿಂದಿನ ದಿನವೇ ಅರಣ್ಯ ಇಲಾಖೆಯವರ ಹತ್ರ ಎಷ್ಟು ಜನ, ಎಷ್ಟೊತ್ತಿಗೆ ಬರ್ತೀವಿ ಅಂತ ಹೇಳಿ ಕೇಳ್ಕೊಳ್ಳಿ, ಒಪ್ಪಿಲ್ಲ ಅಂದ್ರೆ ಜಗಳ ಬೇಡ, ಬಾಳೆಹೊನ್ನೂರು ಮೇಲೆ ಶೃಂಗೇರಿಗೆ ಬೇರೆ ದಾರಿ ಇದೆ. ಕುದುರೆಮುಖದಲ್ಲಿ ಅದಿರು ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತೋಯ್ತು, ಟೌನ್‌ಶಿಪ್ ಬಹುಪಾಲು ಖಾಲಿ, ದೊಡ್ಡ ಊರು ಇದೆ ಅಂತ ಮ್ಯಾಪ್ ನಂಬ್ಕೊಂಡು ಊಟ ಅಲ್ಲಿಗೆ ಇಟ್ಕೊಬೇಡಿ. ನೆಟ್‌ವರ್ಕೂ ಹೆಚ್ಚುಕಮ್ಮಿ ಇಲ್ಲ.

ಅದಕ್ಕೇ ಗ್ರೂಪಲ್ಲಿ ನಮ್ದೊಂದೇ ರೂಲ್ ಇತ್ತು, ಕವಲು ದಾರಿ ಬಂದಾಗ ಮುಂದಿದ್ದವ್ರು ನಿಂತು ಕಾಯ್ಬೇಕು, ಕೊನೆಯವ್ರು ಬಂದು ನೀರು ಕುಡಿದ್ಮೇಲೇ ಹೊರಡ್ಬೇಕು. ಆ ಕೊನೇ ಪಾಯಿಂಟ್ ಮುಖ್ಯ! ಇಲ್ಲಾಂದ್ರೆ ಫಾಸ್ಟ್ ಇರೋರು ರೆಸ್ಟ್ ತಗೊಂಡು ಹೋಗ್ತಾ ಇರ್ತಾರೆ, ನಿಧಾನದವ್ರಿಗೆ ಇಡೀ ದಿನ ರೆಸ್ಟೇ ಇಲ್ಲ. ಕೊನೇಲಿ ಬರೋರ ಜೊತೆ ರಿಪೇರಿ ಗೊತ್ತಿರೋ ಒಬ್ರು ಇರ್ಲಿ. ಸಣ್ಣ ವಾಲ್ವಿನ ಪ್ರೆಸ್ಟಾ ಟ್ಯೂಬ್ ಈ ಕಡೆ ಸೈಕಲ್ ಶಾಪಲ್ಲಿ ಹುಡುಕೋದು ಬೇಡ, ತಲೆಗೆ ಎರಡು ತಂದ್ಬಿಡಿ, ಗೇರ್ ಹ್ಯಾಂಗರ್ (ಹಿಂದಿನ ಗೇರನ್ನ ಫ್ರೇಮಿಗೆ ಹಿಡಿದಿಡೋ ಸಣ್ಣ ತುಂಡು) ಒಂದು, ಬ್ರೇಕ್ ಪ್ಯಾಡ್ ಒಂದು ಸೆಟ್.

ಯಾವಾಗ ಹೋಗೋದು? ಜೂನಿಂದ ಸೆಪ್ಟೆಂಬರ್ ಬೇಡ, ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿ.ಮೀ. ಮೇಲೆ ಮಳೆ, ಅದರ ಬಹುಪಾಲು ಈ ತಿಂಗಳುಗಳಲ್ಲೇ, ಮೇಲಿಂದ ಉಂಬಳ (ಜಿಗಣೆ) ಬೇರೆ. ಫೆಬ್ರವರಿ ಮಾರ್ಚಲ್ಲಿ ಮಳೆ ಬಿದ್ದು ಕಾಫಿ ಹೂ ಬಿಟ್ರೆ ಅದರ ಘಮಕ್ಕೇ ಹೋಗ್ಬೇಕು ಅನ್ಸುತ್ತೆ, ಆದ್ರೆ ಅದೇ ಟೈಮಲ್ಲಿ ಮಂಗನಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು, ಉಣುಗು (ಉಣ್ಣೆ) ಕಚ್ಚಿ ಬರುತ್ತೆ, ಡಿಸೆಂಬರಿಂದ ಮೇವರೆಗೆ ಜಾಸ್ತಿ. ದಣಿದು ಮರದ ಕೆಳಗೆ ತರಗೆಲೆ ಮೇಲೆ ಮಲಗೋದು ಸೈಕಲ್‌ನವರ ಅಭ್ಯಾಸ, ಅದನ್ನ ಇಲ್ಲಿ ಮಾಡ್ಬೇಡಿ, ಬಸ್‌ಸ್ಟಾಪಿನ ಕಟ್ಟೆ ಮೇಲೆ ಕೂರಿ. ಸಂಜೆ ಮೈ ಪೂರ್ತಿ ಚೆಕ್ ಮಾಡ್ಕೊಂಡು ಬಿಸಿನೀರು ಸ್ನಾನ, ಬಟ್ಟೆ ಒಗೆಯೋಕೆ ಹಾಕಿ. ವಾಪಸ್ ಬಂದ್ಮೇಲೆ ಜ್ವರ ಬಂದ್ರೆ ಡಾಕ್ಟರಿಗೆ ಇಂಥ ಕಡೆ ಹೋಗಿದ್ದೆ ಅಂತ ಹೇಳೋದು ಮರೀಬೇಡಿ. ನನ್ನ ಕೇಳಿದ್ರೆ ಅಕ್ಟೋಬರ್ ಕೊನೆ, ನವೆಂಬರ್ ಬೆಸ್ಟ್.

ಶೃಂಗೇರಿಯಿಂದ ಆಗುಂಬೆ ಅರ್ಧ ದಿನದ ದಾರಿ. ಅಲ್ಲಿಗೇ ಮುಗಿಸಿ ತೀರ್ಥಹಳ್ಳಿ ಕಡೆ ಹೋಗ್ಬಹುದು, ಇಲ್ಲಾ ಘಾಟ್ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ. ಘಾಟಲ್ಲಿ 14 ಹೇರ್‌ಪಿನ್, ರೋಡ್ ಕಿರಿದು, ಬೆಳಗ್ಗೆ ಬೇಗ ಇಳಿದ್ರೆ ಬಸ್ಸು ಕಮ್ಮಿ, ಮಂಜಿದ್ರೆ ಹಿಂದಿನ ಲೈಟ್ ಹಾಕಿ. ಬ್ರೇಕ್ ಒಂದೇ ಸಮ ಹಿಡ್ಕೊಂಡು ಇಳಿಬೇಡಿ, ಹಿಡಿದು ಬಿಟ್ಟು ಮಾಡಿ, ರಿಮ್ ಬ್ರೇಕ್‌ನವರು ಮಧ್ಯ ನಿಂತು ರಿಮ್ ತಣ್ಣಗಾಗೋಕೆ ಬಿಡಿ. ಉಡುಪಿ ಸ್ಟೇಷನ್ನಲ್ಲಿ ರೈಲು ನಿಲ್ಲೋದು ಸ್ವಲ್ಪ ಹೊತ್ತು, ಅಷ್ಟರಲ್ಲಿ ಹತ್ತು ಸೈಕಲ್ ಲಗೇಜ್ ವ್ಯಾನಿಗೆ ಹಾಕೋದು ಕಷ್ಟ, ನಾವು ಮೊದಲೇ ಮಾತಾಡಿಟ್ಟ ಟೆಂಪೋನೇ ವಾಪಸ್ಸಿಗೂ ಕರೆಸಿದ್ವಿ. ಪೆಡಲ್ ಬಿಚ್ಚಿ ಹ್ಯಾಂಡಲ್ ತಿರುಗಿಸಿದ್ರೆ ಎಲ್ಲಾ ಹಿಡಿಯುತ್ತೆ, ಅಲೆನ್ ಕೀ ಸೆಟ್ ಮಾತ್ರ ಬ್ಯಾಗಿನ ಮೇಲ್ಗಡೆನೇ ಇರ್ಲಿ.